ಇಂಜಿನ್ನಿಲ್ಲದ ಪುಟ್ಟ ಬಂಡಿ

ಈ ತಿಂಗಳು ವಾಚಕಮಹಾಶಯರೊಡನೆ ಒಂದು ಆಟಿಕೆಯ ವಿಷಯವನ್ನು ಪ್ರಸ್ತಾಪಿಸಬೇಕೆಂದಿರುವೆವು. ಅರುವತ್ತು ವರ್ಷದ ಮುದುಕರಿಗೆ ಆಟಿಕೆಯ ಚಿಂತೆಯೇಕೆಂದು ನಗುವವರು ನಗಬಹುದು. ಶೂದ್ರಕ ಮಹಾಕವಿಯು ತನ್ನ ಹತ್ತಂಕಗಳ ಪ್ರಕರಣಕ್ಕೆ ನಾಯಕನ ಹೆಸರನ್ನಾಗಲಿ ನಾಯಿಕೆಯ ಹೆಸರನ್ನಾಗಲಿ ಇಡದೆ, ಒಂದು ಮಗುವಿನ ಮಣ್ಣಿನ ಬಂಡಿಯಿಂದ 'ಮೃಚ್ಛಕಟಿಕ'ವೆಂದು ಕರೆದಿರುವನು. ನೆರೆಮನೆಯ ಹುಡುಗನ ಚಿನ್ನದ ಬಂಡಿಯನ್ನು ಕಂಡ ರೋಹಸೇನನು ತನಗೆ ಮಣ್ಣಿನದು ಬೇಡವೆಂದು ಅಳುವನಷ್ಟೆ. ನಮ್ಮ ಮನೆಯಲ್ಲಿ ನಡೆದುದು ಇದಕ್ಕೆ ತಿರುಗುಮುರುಗು.

ಅಮೆರಿಕೆಯಲ್ಲಿರುವ ನಮ್ಮ ಮಗನ ಕುಮಾರನು, ಒಂಬತ್ತು ವರ್ಷದವನು, ರಜೆಗೆಂದು ನಂಜನಗೂಡಿಗೆ ಬಂದಿದ್ದನು. ಪೆಟ್ಟಿಗೆಯಿಂದ ಅವನು ಮೊದಲು ಹೊರತೆಗೆದುದು ಎರಡು ಪೈನ್ ಮರದ ತುಂಡುಗಳನ್ನು. ಒಂದು ಕೆಟ್ಟರೆ ಇನ್ನೊಂದಿರಲೆಂದು ಎರಡು. ಒಂದೊಂದೂ 7 ಅಂಗುಲ ಉದ್ದ, ಗೇಣಿಗೂ ಕಡಮೆ. ಒಂದೊಂದಕ್ಕೂ ಪ್ಲಾಸ್ಟಿಕ್ಕಿನ ನಾಲ್ಕು ಗಾಲಿಗಳು, ಅಚ್ಚಿಗೆ ಬದಲಾಗಿ ನಾಲ್ಕು ಮೊಳೆಗಳು. ಇವುಗಳಿಂದ ಬಂಡಿಯನ್ನು ಮಾಡಿ ಇಳಿಜಾರಾದ ಹಲಗೆಯ ಮೇಲೆ ಪಂದ್ಯ ಬಿಡುವುದು ಅಲ್ಲಿಯ ಕಿರಿಯ ಸ್ಕೌಟ್ ಬಾಲಕರ ವಾಡಿಕೆಯಂತೆ. ಅದಕ್ಕೆ 'ಪೈನ್‌ವುಡ್ ಡರ್ಬಿ' ಎಂದು ಹೆಸರು. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬವರು ಇದನ್ನು ಆರಂಭಿಸಿದರು. ಹುಡುಗರು ತಾವೇ ಒಳಗೆ ಕುಳಿತು ಇಳಿಜಾರಿನಲ್ಲಿ ಓಡಿಸುವ ದೊಡ್ಡ ಪೆಟ್ಟಿಗೆಬಂಡಿಗಳ ಪಂದ್ಯವು ಆ ದೇಶದಲ್ಲಿ 1930ರ ದಶಕದಿಂದಲೇ ಇದ್ದಿತು. ಮರ್ಫಿಯವರ ಮಗನಿಗೆ ಅದರಲ್ಲಿ ಸೇರುವಷ್ಟು ವಯಸ್ಸಾಗಿರಲಿಲ್ಲ. ಆದುದರಿಂದ ತಂದೆಮಕ್ಕಳು ಕೂಡಿ ಕೈಯಾರೆ ಮಾಡಬಹುದಾದ ಪುಟ್ಟ ಬಂಡಿಯನ್ನು ಅವರು ಕಲ್ಪಿಸಿದರು.

ಸಂಜೆ ಹುಡುಗನನ್ನು ಶ್ರೀಕಂಠೇಶ್ವರನ ದರ್ಶನಕ್ಕೆ ಕರೆದೊಯ್ದೆವು. ದೇವರಿಗಿಂತ ಮೊದಲು ಅವನ ಕಣ್ಣಿಗೆ ಬಿದ್ದುದು ದೊಡ್ಡ ತೇರಿನ ಗಾಲಿಗಳು.

"ತಾತ, ಇಷ್ಟು ದೊಡ್ಡ ಗಾಡಿಗೆ ಇಂಜಿನ್ ಎಲ್ಲಿ?"

ಫಾಲ್ಗುಣದ ದೊಡ್ಡ ಜಾತ್ರೆಯಲ್ಲಿ ಇಂತಹ ಐದು ತೇರುಗಳು ಹೊರಡುವುವೆಂದೂ, ಹಗ್ಗ ಹಿಡಿದ ಸಾವಿರಾರು ಕೈಗಳೇ ಇಂಜಿನ್ನೆಂದೂ ಹೇಳಿದೆವು. "ನನ್ನ ಬಂಡಿಯನ್ನು ಯಾರು ಎಳೆಯುತ್ತಾರೆ?" ಎಂದನು. ಭೂಮಿ ಎಳೆಯುವಳೆಂದೆವು. ಅವನು ನೆಲವನ್ನೊಮ್ಮೆ ನೋಡಿ ಸುಮ್ಮನಾದನು.

ಮರುವಾರ ತಿರುಮಕೂಡಲು ನರಸೀಪುರದ ನಮ್ಮ ಮಗಳ ಮನೆಗೆ ಹೋದೆವು. ಅಲ್ಲಿ ಪಕ್ಕದ ಮನೆಯ ಬಡಗಿಯು ಗರಗಸ, ಅರ, ಉಪ್ಪುಕಾಗದಗಳನ್ನು ಕೊಟ್ಟು ಉಪಕರಿಸಿದನು. ಪೈನ್ ಮರವು ಮೃದು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆಮರದಂತೆ ಮಕ್ಕಳ ಕೈಗೂ ಬಗ್ಗುವಂಥದು. ಬಂಡಿಯ ತೂಕವು 5 ಔನ್ಸನ್ನು, ಎಂದರೆ ಸುಮಾರು 141 ಗ್ರಾಮನ್ನು, ಮೀರಬಾರದೆಂದು ಕಟ್ಟಳೆ. ಹಳೆಯ ಲೆಕ್ಕದಲ್ಲಿ 12 ತೊಲ. ಮರವೊಂದೇ ಅಷ್ಟು ತೂಗದು. ಕೊರತೆಗೆ ಸಂಗಮದಲ್ಲಿ ಮೀನು ಹಿಡಿಯುವವರಿಂದ ಬಲೆಗೆ ಕಟ್ಟುವ ಸೀಸದ ಗುಂಡುಗಳನ್ನು ಬೇಡಿ ತಂದೆವು. (ಸೀಸವು ವಿಷ. ಮಕ್ಕಳು ಅದನ್ನು ಬಾಯಿಗಿಡದಂತೆಯೂ ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯುವಂತೆಯೂ ತಾಯಂದಿರು ನೋಡಿಕೊಳ್ಳಬೇಕು.)

ಭಾರವಾದುದೂ ಹಗುರವಾದುದೂ ಒಂದೇ ವೇಗದಲ್ಲಿ ಬೀಳುವುವೆಂದು ಗೆಲಿಲಿಯೋ ತೋರಿಸಿರುವಾಗ ಈ ತೂಕದ ಹಟವೇಕೆಂದು ವಾಚಕರು ಕೇಳಬಹುದು, ನಾವೂ ಕೇಳಿಕೊಂಡೆವು. ಗಾಳಿಯ ತಡೆಯೂ ಗಾಲಿಗಳನ್ನು ತಿರುಗಿಸಲು ತಗಲುವ ವೆಚ್ಚವೂ ಬಂಡಿ ಹಗುರವಾದರೆ ಕಡಮೆಯಾಗವು. ತೂಕ ಹೆಚ್ಚಿದಷ್ಟೂ ಒಟ್ಟು ಬಲದಲ್ಲಿ ಆ ವೆಚ್ಚವು ಚಿಕ್ಕ ಪಾಲಾಗುವುದು. ತೂಕವನ್ನು ಹಿಂದುಗಡೆ ಇಡುವುದಕ್ಕೂ ಕಾರಣವುಂಟು. ಇಳಿಜಾರಿನ ತುದಿಯಲ್ಲಿ ಬಂಡಿಯ ಹಿಂಭಾಗವೇ ಎತ್ತರದಲ್ಲಿರುವುದರಿಂದ ಅಲ್ಲಿರುವ ಭಾರವು ಹೆಚ್ಚು ಇಳಿದು ಹೆಚ್ಚು ವೇಗವನ್ನು ಕೊಡುವುದು. ತೀರ ಹಿಂದಿಟ್ಟರೆ ಮೂತಿ ಮೇಲೆದ್ದು ಬಂಡಿ ತೂರಾಡುವುದು. ಇನ್ನು ಕೀಲು. ಎತ್ತಿನ ಗಾಡಿಗೆ ಕೀಲೆಣ್ಣೆ ಸರಿ. ಈ ಹಗುರ ಗಾಲಿಗೆ ಎಣ್ಣೆಯ ಅಂಟೇ ಒಂದು ತಡೆ. ಮೊಳೆಯನ್ನು ಕನ್ನಡಿಯಂತೆ ಉಜ್ಜಿ ಗ್ರಾಫೈಟ್ ಪುಡಿ, ಎಂದರೆ ಪೆನ್ಸಿಲಿನೊಳಗಿನ ಕರಿಯ ವಸ್ತು, ಹಚ್ಚುವುದು ಮೇಲು.

ಇಷ್ಟೆಲ್ಲವನ್ನೂ ತಿಳಿದುಕೊಂಡ ಮೇಲೆ ನಮಗೆ ತಾಳ್ಮೆ ನಿಲ್ಲಲಿಲ್ಲ. ಹುಡುಗನು ಎರಡು ದಿನ ಕೊಯ್ದು ಸೊಟ್ಟಗೆ ಮಾಡಿಟ್ಟಿದ್ದ ತುಂಡನ್ನು ಅವನು ಮಲಗಿದ ಮೇಲೆ ಕೈಗೆತ್ತಿಕೊಂಡೆವು. ಸ್ವಲ್ಪ ಸರಿಮಾಡೋಣವೆಂದು ಕುಳಿತವರು ಏಳುವಾಗ ಎರಡನೆಯ ಝಾವ. ಅಂಚುಗಳು ನುಣುಪಾದುವು, ಸೀಸವು ತಕ್ಕ ಸ್ಥಳದಲ್ಲಿ ಕುಳಿತಿತು, ಗಾಲಿಗಳು ಊದಿದರೆ ಸುತ್ತುತ್ತಿದ್ದುವು. ಮೂವತ್ತು ವರ್ಷ ಹುಡುಗರ ಪುಸ್ತಕಗಳನ್ನು ತಿದ್ದಿದ ಕೈ ಇದು. ತಪ್ಪು ಕಂಡರೆ ಸುಮ್ಮನಿರಲಾರದು.

ಬೆಳಿಗ್ಗೆ ಹುಡುಗನು ಅದನ್ನು ತಿರುಗಿಸಿ ತಿರುಗಿಸಿ ನೋಡಿದನು. ಅಳಲಿಲ್ಲ. "ತುಂಬ ಚೆನ್ನಾಗಿದೆ ತಾತ, ಇದು ನಿಮ್ಮದು" ಎಂದು ನಮ್ಮ ಕೈಯಲ್ಲಿಟ್ಟು, ಒಳಗೆ ಹೋಗಿ ಎರಡನೆಯ ತುಂಡನ್ನು ತಂದುಕೊಂಡನು. ಜಗಲಿಯಲ್ಲಿ ಅಕ್ಕಿ ಆರಿಸುತ್ತಿದ್ದ ನಮ್ಮ ಮನೆಯವರು ತಲೆಯೆತ್ತದೆ, "ಮಗನ ಲೆಕ್ಕವನ್ನೂ ಹೀಗೆಯೇ ಮಾಡಿಕೊಡುತ್ತಿದ್ದಿರಿ" ಎಂದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಆಮೇಲೆ ನಾವು ಕೈಕಟ್ಟಿ ಕುಳಿತೆವು. ಅದು ಅರ ಹಿಡಿಯುವುದಕ್ಕಿಂತ ಕಷ್ಟದ ಕೆಲಸ. ಅವನ ಹೊಸ ಬಂಡಿಗೆ ಕುರಿಯ ಮೂತಿ ಬಂದಿತು. ಅಟ್ಟದ ಹಲಗೆಯನ್ನು ಜಗಲಿಗೆ ಒರಗಿಸಿ ಬಿಟ್ಟಾಗ ಎಡಕ್ಕೆ ಎಳೆದು ಮಗುಚಿಕೊಂಡಿತು. ಯಾವ ಮೊಳೆ ವಾರೆಯೆಂದು ನಮಗೆ ದೂರದಿಂದಲೇ ಕಾಣುತ್ತಿದ್ದಿತು. ಅವನಿಗೆ ಕಾಣಲು ಮೂರು ದಿನ ಹಿಡಿಯಿತು. ಊರಿಗೆ ಹೊರಡುವ ಹಿಂದಿನ ಸಂಜೆ ಅದು ಕೊನೆಯವರೆಗೆ ನೇರವಾಗಿ ಓಡಿ, ನಮ್ಮ ಬಂಡಿಗಿಂತ ಒಂದು ಗೇಣು ಹಿಂದೆ ಬಂದು ನಿಂತಿತು. ಹುಡುಗನು ಕುಣಿದ ಕುಣಿತಕ್ಕೆ ಬಡಗಿಯೂ ಹೊರಗೆ ಬಂದು ನೋಡಿದನು.

ಅವನು ತನ್ನ ಬಂಡಿಯನ್ನು ಅಂಗಿಯಲ್ಲಿ ಸುತ್ತಿ ಕೊಂಡೊಯ್ದನು. ನಮ್ಮದು ನಂಜನಗೂಡಿನಲ್ಲಿ, ಪಂಚಾಂಗದ ಹಾಳೆ ಗಾಳಿಗೆ ಹಾರದಂತೆ ಅದರ ಮೇಲೆ ಕುಳಿತಿರುವುದು.