ಚಕ್ರ ಹೊರಗೆ ಸರಿದಾಗ: ಸಾರಿಗೆ ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಸಾರಿಗೆ ಆಯುಕ್ತರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಕಾರುಗಳಿಗೆ ವೀಲ್ ಸ್ಪೇಸರ್ ಹಾಕಿಸುವುದರ ಬಗ್ಗೆ ಸ್ಪಷ್ಟ ಸುತ್ತೋಲೆ



ವೀಲ್ ಸ್ಪೇಸರ್ ಎಂದರೆ ಕಾರಿನ ಹಬ್ಬಿಗೂ (ಚಕ್ರವನ್ನು ಕೂರಿಸುವ ನಡುಭಾಗ) ಚಕ್ರಕ್ಕೂ ನಡುವೆ ಕೂರಿಸುವ ದುಂಡನೆಯ ಲೋಹದ ಬಿಲ್ಲೆ. ಹೆಚ್ಚಿನವು ಅಲ್ಯೂಮಿನಿಯಮ್ಮಿನವು; ದಪ್ಪ 5 ಮಿ.ಮೀ.ಯಿಂದ 50 ಮಿ.ಮೀ.ವರೆಗೂ ಇರುತ್ತದೆ. ಬಿಲ್ಲೆ ಎಷ್ಟು ದಪ್ಪವೋ ಚಕ್ರ ಅಷ್ಟು ಹೊರಗೆ ಬರುತ್ತದೆ. ಎರಡೂ ಬದಿಗೆ 25 ಮಿ.ಮೀ. ಹಾಕಿದರೆ ಎಡಬಲ ಚಕ್ರಗಳ ನಡುವಿನ ಅಂತರ, ಅಂದರೆ ಗ್ಯಾರೇಜಿನವರು ಟ್ರ್ಯಾಕ್ ಎಂದು ಕರೆಯುವುದು, 50 ಮಿ.ಮೀ. ಹಿಗ್ಗುತ್ತದೆ. ಮಡ್‌ಗಾರ್ಡಿನೊಳಗೆ ಅಡಗಿದ್ದ ಟಯರು ಅಂಚಿಗೆ ಬಂದು ಕಾರು ಅಗಲವಾಗಿ ಕಾಣುತ್ತದೆ. ಈ ನೋಟಕ್ಕಾಗಿಯೇ ಯುವಕರು ಇದನ್ನು ಹಾಕಿಸುತ್ತಾರೆ. ಕಂಪನಿ ಕೊಟ್ಟದ್ದಕ್ಕಿಂತ ಅಗಲದ ಅಲಾಯ್ ವೀಲ್ ಕೊಂಡು, ಅದು ಒಳಗಡೆ ಸಸ್ಪೆನ್ಷನ್ನಿಗೆ ತಾಗಿದಾಗ ಬೇರೆ ದಾರಿ ಕಾಣದೆ ಹಾಕಿಸುವವರೂ ಇದ್ದಾರೆ.

ಬಿಲ್ಲೆಗಳಲ್ಲಿ ಎರಡು ಬಗೆ. ತೆಳ್ಳಗಿನದಕ್ಕೆ ತೂತು ಮಾತ್ರ ಇರುತ್ತದೆ. ಹಬ್ಬಿನ ಮೂಲ ಸ್ಟಡ್ಡುಗಳು (ನಟ್ಟು ಹಾಕುವ ಕಡ್ಡಿಗಳು) ಅದರೊಳಗಿಂದ ಹಾದು ಚಕ್ರವನ್ನು ಹಿಡಿಯಬೇಕು. ದಪ್ಪಗಿನದು ಮೊದಲು ತಾನೇ ಹಬ್ಬಿಗೆ ನಟ್ಟಿನಿಂದ ಬಿಗಿಯಾಗಿ, ತನ್ನದೇ ಬೇರೆ ಸ್ಟಡ್ಡುಗಳ ಮೇಲೆ ಚಕ್ರವನ್ನು ಹೊರುತ್ತದೆ. ಎರಡರ ಅಪಾಯವೂ ಬೇರೆ ಬೇರೆ. ತನಿಖೆ ಮಾಡುವವರಿಗೆ ಈ ವ್ಯತ್ಯಾಸ ತಿಳಿದಿರಬೇಕಾದ್ದರಿಂದ ಸ್ವಲ್ಪ ವಿವರ ಅಗತ್ಯ.

ಚಕ್ರವನ್ನು ಸ್ಟಡ್ಡುಗಳು ಹೊತ್ತು ನಿಂತಿರುತ್ತವೆ ಎಂಬುದು ಸಾಮಾನ್ಯ ನಂಬಿಕೆ. ನಿಜದಲ್ಲಿ ನಟ್ಟು ಬಿಗಿಯಾದಾಗ ಸ್ಟಡ್ಡು ಕೂದಲೆಳೆಯಷ್ಟು ಹಿಗ್ಗಿ, ಚಕ್ರವನ್ನು ಹಬ್ಬಿನ ಮುಖಕ್ಕೆ ಒತ್ತಿ ಹಿಡಿಯುತ್ತದೆ. ಹೊರೆ ಹೊರುವುದು ಆ ಎರಡು ಮುಖಗಳ ನಡುವಿನ ಘರ್ಷಣೆ. ಒತ್ತಡ ಸಡಿಲವಾದರೆ ಚಕ್ರ ಸೂಕ್ಷ್ಮವಾಗಿ ಅಲುಗುತ್ತದೆ, ಸ್ಟಡ್ಡು ಪ್ರತಿ ಸುತ್ತಿಗೂ ಬಾಗುತ್ತದೆ, ಕೊನೆಗೊಂದು ದಿನ ದಣಿದು ಮುರಿಯುತ್ತದೆ. ಒತ್ತಡ ಉಳಿಯಬೇಕಾದರೆ ನಟ್ಟು ಕಡೇ ಪಕ್ಷ ಸ್ಟಡ್ಡಿನ ವ್ಯಾಸದಷ್ಟು ಉದ್ದ ಎಳೆಯನ್ನು, ಅಂದರೆ ಥ್ರೆಡ್ಡನ್ನು, ಹಿಡಿದಿರಬೇಕು. ಮಾರುತಿ ಕಾರುಗಳ 12 ಮಿ.ಮೀ. ಸ್ಟಡ್ಡಿನಲ್ಲಿ ಎಳೆಯಿಂದ ಎಳೆಗೆ 1.25 ಮಿ.ಮೀ. ಅಂತರ, ಹಾಗಾಗಿ ನಟ್ಟು ಒಂಬತ್ತು ಹತ್ತು ಸುತ್ತು ಹೋಗಬೇಕು. ಟೊಯೋಟಾ, ಹೋಂಡಾಗಳ ಹಲವು ಕಾರುಗಳ 1.5 ಮಿ.ಮೀ. ಎಳೆಗೆ ಎಂಟು ಸುತ್ತು ಬೇಕು. ತೆಳು ಬಿಲ್ಲೆ 5 ಮಿ.ಮೀ. ದಪ್ಪವಿದ್ದರೆ ಆ ಹಿಡಿತದಲ್ಲಿ 5 ಮಿ.ಮೀ. ಕಳೆಯಿತು. ಉದ್ದದ ಸ್ಟಡ್ಡು ಹಾಕದೆ ಕಂಪನಿಯ ಸ್ಟಡ್ಡಿನ ಮೇಲೆಯೇ ಬಿಲ್ಲೆ ತೂರಿಸಿದ ಕಾರಿನಲ್ಲಿ ನಟ್ಟು ಐದಾರು ಸುತ್ತಿಗೇ ಬಿಗಿಯಾಗಬಹುದು. ಸ್ಪಾನರಿಗೆ ಅದು ಗಟ್ಟಿಯಾಗಿಯೇ ಕಾಣುತ್ತದೆ. ಅಪಾಯ ಅಡಗಿರುವುದೂ ಅಲ್ಲೇ.

ದಪ್ಪ ಬಿಲ್ಲೆಯಲ್ಲಿ ಬಿಗಿಯಬೇಕಾದ ಜಾಗ ಎರಡಾಗುತ್ತದೆ, ಒಳಗಿನ ನಟ್ಟುಗಳು ಚಕ್ರದ ಹಿಂದೆ ಮುಚ್ಚಿಹೋಗುತ್ತವೆ. ಚಕ್ರ ಕಳಚದೆ ಅವು ಸಡಿಲವಾಗಿವೆಯೇ ಎಂದು ನೋಡುವ ಉಪಾಯವೇ ಇಲ್ಲ. ಇದಕ್ಕಿಂತ ಕೆಟ್ಟದು ಸ್ಟಡ್ಡು ಕತ್ತರಿಸುವ ಪದ್ಧತಿ. ಬಿಲ್ಲೆ ಸಾಕಷ್ಟು ದಪ್ಪವಿಲ್ಲದಿದ್ದರೆ ಮೂಲ ಸ್ಟಡ್ಡುಗಳ ತುದಿ ಅದರಿಂದಾಚೆ ಚಾಚಿ ಚಕ್ರ ಸಮನಾಗಿ ಕೂರುವುದಿಲ್ಲ. ಆಗ ಗ್ರೈಂಡರ್ ಹಿಡಿದು ತುದಿ ಕತ್ತರಿಸುತ್ತಾರೆ. ಆ ಕಾರಿನ ಬಿಲ್ಲೆಯನ್ನು ಮುಂದೆ ಯಾರಾದರೂ ತೆಗೆದು ಚಕ್ರವನ್ನು ಮೊದಲಿನಂತೆ ಹಾಕಿದರೆ, ಮೊಟಕಾದ ಸ್ಟಡ್ಡಿಗೆ ಅದನ್ನು ಹಿಡಿಯುವ ಉದ್ದವೇ ಇರುವುದಿಲ್ಲ. ಹಳೆ ಕಾರು ಕೊಂಡ ಎರಡನೆಯ ಮಾಲೀಕನಿಗೆ ಇದು ತಿಳಿಯುವ ಬಗೆ ಹೇಗೆ?

ಬೇರಿಂಗಿನ ಲೆಕ್ಕವೂ ಇದೆ. ಕಾರು ತಯಾರಿಸುವವರು ಚಕ್ರದ ಹೊರೆ ಬೇರಿಂಗಿನ ನಡುಭಾಗದ ಹತ್ತಿರ ಬೀಳುವಂತೆ ಲೆಕ್ಕ ಹಾಕಿರುತ್ತಾರೆ. ಒಂದು ಚಕ್ರದ ಮೇಲೆ 400 ಕಿಲೋ ಹೊರೆಯಿದ್ದು ಅದು 25 ಮಿ.ಮೀ. ಹೊರಗೆ ಸರಿದರೆ, ಬೇರಿಂಗಿಗೆ ಸುಮಾರು 98 ನ್ಯೂಟನ್ ಮೀಟರ್ ಬಾಗಿಸುವ ಬಲ ಹೆಚ್ಚುವರಿಯಾಗಿ ಬೀಳುತ್ತದೆ. ಚಕ್ರದ ನಟ್ಟನ್ನು ಬಿಗಿಯಲು ಬೇಕಾಗುವ ಬಲವೂ ಹೆಚ್ಚುಕಡಿಮೆ ಅಷ್ಟೇ. ಕಾರು ಸಮತಟ್ಟು ನೆಲದಲ್ಲಿ ನಿಂತಿದ್ದಾಗಿನ ಲೆಕ್ಕ ಇದು. ಹೊಂಡಕ್ಕೆ ಬಿದ್ದಾಗ ಹಲವು ಪಟ್ಟಾಗುತ್ತದೆ. ಸಸ್ಪೆನ್ಷನ್ನಿನ ತೋಳು ಉದ್ದವಾದಂತಾಗಿ ಸ್ಪ್ರಿಂಗ್ ಮೆದುವಾಗುತ್ತದೆ, ನಾಲ್ಕು ಜನ ಕೂತರೆ ಟಯರು ಮಡ್‌ಗಾರ್ಡಿನ ಅಂಚಿಗೆ ಉಜ್ಜುತ್ತದೆ. ಮುಂದಿನ ಚಕ್ರ ಸ್ಟೀರಿಂಗಿನ ತಿರುಗುವ ಅಕ್ಷದಿಂದ ದೂರ ಹೋಗುವುದರಿಂದ, ಒಂದು ಬದಿ ನೀರು ನಿಂತ ಗುಂಡಿಗೆ ಇಳಿದಾಗ ಅಥವಾ ಒಂದೇ ಬದಿಯ ಬ್ರೇಕು ಹಿಡಿದಾಗ ಸ್ಟೀರಿಂಗ್ ಕೈಯಿಂದ ಕಿತ್ತುಕೊಂಡಂತೆ ಎಳೆಯುತ್ತದೆ.

ಸ್ಪೇಸರಿನಿಂದ ಏನೂ ಲಾಭವಿಲ್ಲ ಎನ್ನುವುದು ಸರಿಯಾಗದು. ಟ್ರ್ಯಾಕ್ ಹಿಗ್ಗಿದರೆ ತಿರುವಿನಲ್ಲಿ ಒಳಚಕ್ರದಿಂದ ಹೊರಚಕ್ರಕ್ಕೆ ದಾಟುವ ಹೊರೆ ಕಡಿಮೆಯಾಗುತ್ತದೆ, ಮಗುಚುವ ಸಂಭವವೂ ಇಳಿಯುತ್ತದೆ. ಆದರೆ 1500 ಮಿ.ಮೀ. ಟ್ರ್ಯಾಕಿಗೆ 50 ಮಿ.ಮೀ. ಸೇರಿಸಿದಾಗ ಆ ಇಳಿಕೆ ಶೇಕಡ 3ರಷ್ಟು. ಕಿರಿದಾಗಿಯೂ ಎತ್ತರವಾಗಿಯೂ ಇರುವ ಜಿಪ್ಸಿಯಂಥ ಗಾಡಿಗೆ ಲಾಭ ಸ್ವಲ್ಪ ಹೆಚ್ಚು. ಮಲೆನಾಡಿನ ಅಂಚಿನ ತೋಟಗಳಲ್ಲಿ, ಇಳಿಜಾರಿನ ಕೊರಕಲು ದಾರಿಯಲ್ಲಿ ಜೀಪು ಓಡಿಸುವವರ ಆಸೆಯಲ್ಲಿ ಅರ್ಥವಿದೆ. ಪೋರ್ಷೆಯಂಥ ಕಂಪನಿಯೂ ತನ್ನ ಕೆಲವು ಕಾರುಗಳಿಗೆ ತಾನೇ ತಯಾರಿಸಿದ ಸ್ಪೇಸರ್ ಕೊಟ್ಟಿದೆ. ಅಲ್ಲಿ ಉದ್ದದ ಬೋಲ್ಟು, ಹಬ್ಬಿಗೆ ಸರಿಯಾಗಿ ಕೂರುವ ನಡುತೂತು, ಪರೀಕ್ಷೆ ಎಲ್ಲವೂ ಜೊತೆಗೇ ಬರುತ್ತವೆ. ಆನ್‌ಲೈನಿನಲ್ಲಿ ತರಿಸಿದ, ಯಾವ ಗುರುತೂ ಇಲ್ಲದ ಬಿಲ್ಲೆಯನ್ನೂ ಲೇತಿನಲ್ಲಿ ಕಡೆಸಿದ ಬಿಲ್ಲೆಯನ್ನೂ ಇದಕ್ಕೆ ಸಮ ಎನ್ನಲಾಗದು.

ಈ ಮಾತನ್ನು ಪಾಣೆಮಂಗಳೂರಿನಿಂದ ಹೇಳಲು ಕಾರಣವಿದೆ. ನೇತ್ರಾವತಿಯ ದಂಡೆಯ ಈ ಪೇಟೆಯ ಪಕ್ಕದಲ್ಲೇ ರಾಷ್ಟ್ರೀಯ ಹೆದ್ದಾರಿ 75 ಹಾದು, ಮೆಲ್ಕಾರ್, ಕಲ್ಲಡ್ಕ, ಮಾಣಿ ದಾಟಿ ಶಿರಾಡಿ ಘಾಟಿಗೆ ಏರುತ್ತದೆ. ಬಿ.ಸಿ.ರೋಡಿನಿಂದ ಹೊರಡುವ ಹೆದ್ದಾರಿ 73 ಬೆಳ್ತಂಗಡಿಯ ಮೂಲಕ ಚಾರ್ಮಾಡಿಗೆ ಹೋಗುತ್ತದೆ. ಒಂದೇ ದಿನದಲ್ಲಿ ಒಂದು ಕಾರು ಚತುಷ್ಪಥದ ವೇಗ, ಘಾಟಿಯ ಬಿಡದ ತಿರುವು, ಒಳರಸ್ತೆಯ ಹೊಂಡ ಮೂರನ್ನೂ ಕಾಣುತ್ತದೆ. ಸ್ಟಡ್ಡು ದಣಿಯಲು ಇದಕ್ಕಿಂತ ಅನುಕೂಲದ ದಾರಿ ಬೇಡ. ಮಳೆಗಾಲ ಜೂನಿನಿಂದ ಸೆಪ್ಟೆಂಬರ್ ತನಕ ಸುರಿಯುತ್ತದೆ, ಕಡಲು ದೂರವಿಲ್ಲ. ಉಪ್ಪಿನ ತೇವದಲ್ಲಿ ಅಲ್ಯೂಮಿನಿಯಮ್ಮಿನ ಬಿಲ್ಲೆಯೂ ಉಕ್ಕಿನ ಹಬ್ಬೂ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ತುಕ್ಕು ಹಿಡಿದಂತೆ ಸವೆದು ಬಿಳಿ ಪುಡಿಯಾಗುತ್ತದೆ. ಮುಖಗಳ ನಡುವೆ ಪುಡಿ ಸೇರಿತೆಂದರೆ ಒತ್ತಡ ಸಡಿಲ, ಇಲ್ಲವೇ ಬಿಲ್ಲೆ ಹಬ್ಬಿಗೇ ಕಚ್ಚಿಕೊಂಡು ಪಂಕ್ಚರ್ ಅಂಗಡಿಯವರಿಗೂ ಬಿಡಿಸಲಾಗದ ಸ್ಥಿತಿ. ಮಡ್‌ಗಾರ್ಡಿನಿಂದಾಚೆ ಬಂದ ಟಯರು ಕೆಂಪು ಕೆಸರನ್ನು ನೇರ ಹಿಂದಿನ ಸ್ಕೂಟರಿನವರ ಮುಖಕ್ಕೆ ಎರಚುತ್ತದೆ ಎಂಬುದೂ ಸಣ್ಣ ಮಾತಲ್ಲ. ಈ ಪೇಟೆಯ ಇಕ್ಕಟ್ಟಿನ ದಾರಿಗಳಲ್ಲಿ ಶಾಲೆಯ ಮಕ್ಕಳು ರಸ್ತೆಯಂಚಿನಲ್ಲೇ ನಡೆಯುತ್ತಾರೆ. ಕಳಚಿದ ಚಕ್ರ ಮೊದಲು ನುಗ್ಗುವುದೂ ಆ ಅಂಚಿಗೇ.

ಕಾನೂನು ಏನೆನ್ನುತ್ತದೆ? ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾಲೀಕರು ಬದಲಾಯಿಸಕೂಡದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ನೆರೆಯ ಕೇರಳದಿಂದ ಹೋದ ಜಯಚಂದ್ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಇದನ್ನೇ ಗಟ್ಟಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಹೊಸ ರೂಪ ಪಡೆದ 182ಎ ಕಲಮಿನ ಪ್ರಕಾರ, ಅನುಮತಿಯಿಲ್ಲದ ಬದಲಾವಣೆ ಮಾಡಿದ ಮಾಲೀಕರಿಗೆ ಆರು ತಿಂಗಳವರೆಗೆ ಸಜೆ, ಅಥವಾ ಬದಲಾವಣೆ ಒಂದಕ್ಕೆ 5000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಆದರೆ ತೊಡಕು ಇಲ್ಲೇ ಇದೆ. ಎಡಬಲ ಚಕ್ರಗಳ ನಡುವಿನ ಅಂತರವನ್ನು ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ ಬರೆಯುವ ಪದ್ಧತಿ ಇಲ್ಲ. ಅಲ್ಲಿ ಕಾಣುವುದು ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ. ಸ್ಪೇಸರಿನಿಂದ ಅದು ಬದಲಾಗುವುದೇ ಇಲ್ಲ. ಹೀಗಾಗಿ ಆರ್‌ಸಿಯ ವಿವರ ಕೆಟ್ಟಿಲ್ಲ ಎಂದು ಮಾಲೀಕ ವಾದಿಸಬಹುದು, ತಯಾರಕರ ವಿವರ ಮೀರಿದೆ ಎಂದು ಅಧಿಕಾರಿ ವಾದಿಸಬಹುದು. ಒಂದು ಚೆಕ್‌ಪೋಸ್ಟಿನಲ್ಲಿ ದಂಡ ಬಿದ್ದು ಮುಂದಿನದರಲ್ಲಿ ಅದೇ ಕಾರನ್ನು ಸುಮ್ಮನೆ ಬಿಡಲು ಈ ಅಸ್ಪಷ್ಟತೆ ದಾರಿ ಮಾಡಿಕೊಡುತ್ತದೆ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಇರುವುದರಿಂದ, ಅಷ್ಟು ಕಾಲ ಅದರ ಚಕ್ರವನ್ನು ಇಲಾಖೆಯ ಕಣ್ಣು ನೋಡಲೇಬೇಕಾದ ಸಂದರ್ಭವೂ ಬರುವುದಿಲ್ಲ.

ಬೇರೆ ಕೆಲವು ದೇಶಗಳು ಈ ಗೊಂದಲಕ್ಕೆ ಎಡೆ ಕೊಟ್ಟಿಲ್ಲ. ಜರ್ಮನಿಯಲ್ಲಿ ಯಾವ ಸ್ಪೇಸರ್ ಯಾವ ಕಾರಿಗೆ ಎಂಬ ಪರೀಕ್ಷಾ ಪತ್ರವಿದ್ದರೆ ಮಾತ್ರ ಹಾಕಬಹುದು. ಆಸ್ಟ್ರೇಲಿಯಾದ ಮಾರ್ಗಸೂಚಿ ಸಾಮಾನ್ಯ ಕಾರಿನ ಟ್ರ್ಯಾಕನ್ನು ಒಟ್ಟು 25 ಮಿ.ಮೀ.ಗಿಂತ ಹೆಚ್ಚಿಸಲು ಬಿಡುವುದಿಲ್ಲ. ಭಾರತದಲ್ಲೂ ಬಾಗಿಲು ಮುಚ್ಚಿಲ್ಲ: ಯಾವ ಬದಲಾವಣೆಗೆ ಯಾವ ಷರತ್ತು ಎಂದು ನಿಗದಿ ಮಾಡುವ ಅಧಿಕಾರವನ್ನು 2019ರ ತಿದ್ದುಪಡಿ ಕೇಂದ್ರಕ್ಕೆ ಕೊಟ್ಟಿದೆ, ಪರೀಕ್ಷಿಸಲು ಪುಣೆಯ ವಾಹನ ಸಂಶೋಧನಾ ಕೇಂದ್ರವಾದ ಎಆರ್‌ಎಐ ಸಂಸ್ಥೆ ಇದೆ. ತೋಟದ ಜೀಪಿನವರ ನಿಜವಾದ ಅಗತ್ಯಕ್ಕೆ ಆ ದಾರಿಯಿಂದ ಉತ್ತರ ಬರಬೇಕು. ಕೇಂದ್ರಕ್ಕೆ ಹಾಗೆಂದು ರಾಜ್ಯದಿಂದ ಬರೆಯುವವರು ತಾವೇ.

ತಮ್ಮ ಮಟ್ಟದಲ್ಲಿ ಆಗಬೇಕಾದದ್ದು ಮೊದಲಿಗೆ ಒಂದು ಸುತ್ತೋಲೆ. ಅದು ಸ್ಪೇಸರನ್ನು ಹೆಸರಿಸಿ ಹೇಳಬೇಕು, ಕನ್ನಡದಲ್ಲಿರಬೇಕು, ಕೆಎ 70 ನೋಂದಣಿಯ ಬಂಟ್ವಾಳದ ಕಚೇರಿ ಸೇರಿ ಎಲ್ಲ ಸಾರಿಗೆ ಕಚೇರಿಗಳ ಬಾಗಿಲಲ್ಲೂ ಅಂಟಿಸಿರಬೇಕು. ದಂಡಕ್ಕೆ ಮುನ್ನ ಕಾಲಾವಕಾಶ ಕೊಡುವುದು ನ್ಯಾಯ; ತಿಳಿಯದೆ ಹಾಕಿಸಿಕೊಂಡವರೂ ಇದ್ದಾರೆ. ತೆಗೆಸುವಾಗ ಕತ್ತರಿಸಿದ ಅಥವಾ ಎಳೆ ಹೋದ ಸ್ಟಡ್ಡುಗಳನ್ನು ಬದಲಾಯಿಸಲೇಬೇಕೆಂಬ ಸಾಲು ಆ ಸುತ್ತೋಲೆಯಲ್ಲಿ ತಪ್ಪದೆ ಇರಲಿ, ಇಲ್ಲದಿದ್ದರೆ ಪರಿಹಾರವೇ ಹೊಸ ಅಪಘಾತಕ್ಕೆ ಕಾರಣವಾದೀತು. ಹೊಗೆ ತಪಾಸಣೆಗೆ ಕಾರುಗಳು ಹೇಗೂ ಕೇಂದ್ರಗಳಿಗೆ ಬರುತ್ತವೆ. ಟಯರು ಮಡ್‌ಗಾರ್ಡಿನಾಚೆ ಚಾಚಿರುವ ಕಾರಿನವರಿಗೆ ಅಲ್ಲೇ ಒಂದು ಎಚ್ಚರಿಕೆಯ ಚೀಟಿ ಕೊಡಲು ಖರ್ಚೇನೂ ಇಲ್ಲ. ಪರೀಕ್ಷೆಯಾಗದ ಬಿಲ್ಲೆ ಮಾರುವವರನ್ನೂ ಗ್ರೈಂಡರ್ ಹಿಡಿದು ಸ್ಟಡ್ಡು ಕತ್ತರಿಸುವವರನ್ನೂ ಬಿಟ್ಟು, ಇಪ್ಪತ್ತರ ಹುಡುಗನ ಮೇಲೆ ಮಾತ್ರ ಕೇಸು ಹಾಕಿದರೆ ನಾಳೆ ಇನ್ನೊಬ್ಬ ಹುಡುಗ ಅದೇ ಅಂಗಡಿಯ ಮುಂದೆ ನಿಂತಿರುತ್ತಾನೆ.

ಮುಂದಿನ ಮಳೆಗಾಲ ಹಿಡಿಯುವುದಕ್ಕೆ ಮೊದಲೇ ಈ ಸುತ್ತೋಲೆ ಹೊರಡಲಿ ಎಂಬುದು ತಮ್ಮಲ್ಲಿ ವಿನಂತಿ.


ಪಾಣೆಮಂಗಳೂರಿನಿಂದ