‘ಹಳ್ಳಿ’ ಎಂದರೆ ಶಾಲೆಯೇ, ಮಸೀದಿಯೇ? ಲೊಕ್ಕನಹಳ್ಳಿಯ ಗ್ರೂಪ್‌ಗೆ ಬಂದ ಫಾರ್ವರ್ಡ್ ಎಷ್ಟು ನಿಜ?

ಹನೂರು ತಾಲ್ಲೂಕಿನ ಲೊಕ್ಕನಹಳ್ಳಿಯಲ್ಲಿರುವ ನನ್ನ ಸೋದರಮಾವ ಕಳೆದ ತಿಂಗಳು ಒಂದು ಮೆಸೇಜ್ ಕಳಿಸಿ, ಕೆಳಗೆ ‘ಇದ ನೋಡವ್ವ, ನಿಜಾನಾ?’ ಎಂದು ಬರೆದಿದ್ದರು. ಮೆಸೇಜ್‌ನಲ್ಲಿ ಇದ್ದದ್ದು ಇಷ್ಟು: ‘ಹಳ್ಳಿ’ ಎಂಬುದು ತಮಿಳಿನ ‘ಪಳ್ಳಿ’, ಕನ್ನಡದ ಊರುಗಳ ಹೆಸರೇ ತಮಿಳಿನದು ಎಂದಮೇಲೆ ಕನ್ನಡವೂ ತಮಿಳಿನ ಮಗಳು. ಅದಕ್ಕೆ ಉತ್ತರವಾಗಿ ಯಾರೋ ಇನ್ನೊಂದು ಹಾಕಿದ್ದರು: ಮಲಯಾಳದಲ್ಲಿ ಪಳ್ಳಿ ಎಂದರೆ ಮಸೀದಿ, ಹಾಗಾದರೆ ನಮ್ಮ ಹಳ್ಳಿಗಳೆಲ್ಲ ಏನು?

ಮಾವನ ಹೆಂಡತಿ, ನಮ್ಮತ್ತೆ, ಸತ್ಯಮಂಗಲದ ಕಡೆಯವರು. ಮನೆಮಾತು ತಮಿಳು. ಎರಡು ದಿನ ಕುಟುಂಬದ ಹುಡುಗರು ಇದೇ ವಿಷಯಕ್ಕೆ ಜಗಳವಾಡಿದ ಮೇಲೆ ಅತ್ತೆ ಸುಮ್ಮನೆ ಗ್ರೂಪ್ ಬಿಟ್ಟರು. ಹಾಗಾಗಿ ಈ ಲೇಖನ ಬರೆಯುವುದು ನನಗೆ ಬರೀ ಪಾಂಡಿತ್ಯದ ವಿಷಯವಲ್ಲ.

ಫಾರ್ವರ್ಡ್‌ನಲ್ಲಿ ಒಂದು ಮಾತು ಸರಿ. ಹಳ್ಳಿ ಮತ್ತು ಪಳ್ಳಿ ಒಂದೇ ಪದ. ಹಳಗನ್ನಡದಲ್ಲಿ ಪದದ ಮೊದಲಿಗೆ ಇದ್ದ ‘ಪ’, ಸುಮಾರು 10ನೇ ಶತಮಾನದಿಂದ ಶುರುವಾಗಿ ಮುಂದಿನ ಕೆಲವು ಶತಮಾನಗಳಲ್ಲಿ ‘ಹ’ ಆಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪತ್ತು ಹತ್ತಾಯಿತು, ಪೊಯ್ಸಳರು ಹೊಯ್ಸಳರಾದರು. ತಮಿಳು, ಮಲಯಾಳ, ತೆಲುಗು, ತುಳು ಈ ದಾರಿ ಹಿಡಿಯಲಿಲ್ಲ. ಅಲ್ಲಿ ಇವತ್ತಿಗೂ ‘ಪ’ ಉಳಿದಿದೆ. ಆಂಧ್ರದ ಮದನಪಲ್ಲೆ, ನಮ್ಮದೇ ಬಾಗೇಪಲ್ಲಿ, ಕೇರಳದ ಕರುನಾಗಪ್ಪಳ್ಳಿ, ತಮಿಳುನಾಡಿನ ತಿರುಚಿರಾಪ್ಪಳ್ಳಿ ಇವೆಲ್ಲದರ ಬಾಲದಲ್ಲಿರುವುದು ನಮ್ಮ ಹಳ್ಳಿಯೇ.

ಆದರೆ ಇದು ತಮಿಳಿನಿಂದ ತಂದ ಪದವೇ? ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದಾದ, ಸಾಮಾನ್ಯವಾಗಿ ಕ್ರಿ.ಶ. 450ರ ಸುಮಾರಿನದು ಎನ್ನುವ ಹಲ್ಮಿಡಿ ಶಾಸನದಲ್ಲಿ ದಾನ ಕೊಟ್ಟ ಊರುಗಳ ಪೈಕಿ ಒಂದರ ಹೆಸರು ಮೂೞಿವಳ್ಳಿ. ‘ಪಳ್ಳಿ’ ಇನ್ನೊಂದು ಪದದ ಹಿಂದೆ ಸೇರಿದಾಗ ‘ವಳ್ಳಿ’ ಆಗುತ್ತದೆ. ಅಂದರೆ ಕನ್ನಡ ನಮಗೆ ಬರಹದಲ್ಲಿ ಸಿಗುವ ಹೊತ್ತಿಗೇ ಈ ಪದ ಅದರ ಮನೆಯೊಳಗಿತ್ತು. ಬೇರೆ ಬೇರೆ ಭಾಷೆಗಳಾಗಿ ಒಡೆಯುವ ಮೊದಲು ಇದ್ದ ಒಂದು ಮೂಲ ದ್ರಾವಿಡ ಭಾಷೆಯಿಂದ ಎಲ್ಲರ ಪಾಲಿಗೂ ಬಂದ ಆಸ್ತಿ ಇದು.

‘ತಮಿಳಿನಲ್ಲಿ ಹಳೇ ಪ ಉಳಿದಿದೆಯಲ್ಲ, ಹಾಗಾದರೆ ಅದೇ ತಾಯಿ’ ಎಂಬ ವಾದ ಕೇಳುವುದಕ್ಕೆ ಚೆನ್ನಾಗಿದೆ. ಇದೇ ಲೆಕ್ಕವನ್ನು ಇನ್ನೊಂದು ಪದಕ್ಕೆ ಹಾಕಿ ನೋಡಿ: ಕೇರಿ. ತಮಿಳಿನಲ್ಲಿ ಇದು ‘ಚೇರಿ’. ನಮ್ಮ ಕಿವಿ ಅಲ್ಲಿ ‘ಚೆವಿ’. ಇಲ್ಲಿ ಹಳೆಯ ‘ಕ’ ಉಳಿಸಿಕೊಂಡದ್ದು ಕನ್ನಡ, ಬದಲಾದದ್ದು ತಮಿಳು. ಹಾಗಾದರೆ ತಮಿಳು ಕನ್ನಡದ ಮಗಳೇ? ಅದೂ ಅಲ್ಲ. ಒಬ್ಬ ತಂಗಿ ಅಜ್ಜಿಯ ಮೂಗುತಿ ಇಟ್ಟುಕೊಂಡಳು, ಇನ್ನೊಬ್ಬಳು ಓಲೆ ಇಟ್ಟುಕೊಂಡಳು, ಅಷ್ಟೇ. ಪುದುಚ್ಚೇರಿ ಎಂಬ ಹೆಸರನ್ನು ತುಂಡು ತುಂಡಾಗಿ ಕನ್ನಡಕ್ಕೆ ತಂದರೆ ‘ಹೊಸಕೇರಿ’ ಆಗುತ್ತದೆ. ಪುದು ಮತ್ತು ಹೊಸ ಒಂದೇ ಬೇರಿನವು, ಚೇರಿ ಮತ್ತು ಕೇರಿಯೂ ಹಾಗೆಯೇ.

2025ರ ಮೇನಲ್ಲಿ ನಟ ಕಮಲ್ ಹಾಸನ್ ಚೆನ್ನೈನ ಚಿತ್ರ ಸಮಾರಂಭವೊಂದರಲ್ಲಿ ಕನ್ನಡ ತಮಿಳಿನಿಂದ ಹುಟ್ಟಿದ್ದು ಎಂಬರ್ಥದ ಮಾತಾಡಿ, ಗಲಾಟೆಯಾಗಿ, ಅವರ ‘ಥಗ್ ಲೈಫ್’ ಕರ್ನಾಟಕದಲ್ಲಿ ತೆರೆ ಕಾಣದೇ ಹೋದದ್ದು ನಿಮಗೆ ನೆನಪಿರಬಹುದು. ಭಾಷಾವಿಜ್ಞಾನಿಗಳು ಹೇಳುವುದು ತಾಯಿ–ಮಗಳ ಸಂಬಂಧವಲ್ಲ, ಅಕ್ಕ–ತಂಗಿಯರ ಸಂಬಂಧ. ರಾಬರ್ಟ್ ಕಾಲ್ಡ್‌ವೆಲ್ 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲೂ ಇವು ಒಂದೇ ಕುಟುಂಬದ ಬೇರೆ ಬೇರೆ ಭಾಷೆಗಳೇ. ಬರೋ ಮತ್ತು ಎಮೆನೋ 1961ರಲ್ಲಿ ತಂದ ದ್ರಾವಿಡ ಪದಮೂಲ ನಿಘಂಟು ಹಳ್ಳಿ, ಪಳ್ಳಿ, ಪಲ್ಲೆಗಳನ್ನು ಒಂದೇ ಕಡೆ ಸಾಲಾಗಿ ಇಡುತ್ತದೆ. ಯಾರದ್ದು ಯಾರಿಂದ ಬಂತು ಎಂದು ಅಲ್ಲಿ ಬರೆದಿಲ್ಲ.

ಇನ್ನು ಅರ್ಥದ ವಿಷಯ. ನನಗೆ ಹೆಚ್ಚು ಕುತೂಹಲ ಇರುವುದು ಇಲ್ಲಿ.

ತಮಿಳಿನಲ್ಲಿ ಪಳ್ಳಿ ಎಂದರೆ ಇವತ್ತು ಮುಖ್ಯವಾಗಿ ಶಾಲೆ. ಅತ್ತೆ ‘ಪಳ್ಳಿಕ್ಕೂಡಂ’ ಅನ್ನುತ್ತಾರೆ. ಮಸೀದಿಗೆ ‘ಪಳ್ಳಿವಾಸಲ್’. ದೇವರನ್ನು ಬೆಳಗಿನ ಜಾವ ಎಬ್ಬಿಸುವ ಹಾಡು ‘ಪಳ್ಳಿಯೆೞುಚ್ಚಿ’, ಇಲ್ಲಿ ಪಳ್ಳಿ ಎಂದರೆ ನಿದ್ದೆ, ಹಾಸಿಗೆ. ಮಲಯಾಳದಲ್ಲಿ ಚರ್ಚೂ ಪಳ್ಳಿ, ಮಸೀದಿಯೂ ಪಳ್ಳಿ. ದಕ್ಷಿಣ ಕನ್ನಡದ ತುಳು, ಬ್ಯಾರಿ ಮಾತಿನಲ್ಲೂ ಮಸೀದಿಗೆ ಪಳ್ಳಿ ಎನ್ನುತ್ತಾರೆ. ಆದರೆ ಅದೇ ಕೇರಳದಲ್ಲಿ ದೇವರು ಅಥವಾ ಅರಸರು ಮಲಗುವ ಕೋಣೆ ‘ಪಳ್ಳಿಯರ’. ತಿರುವನಂತಪುರದ ಪದ್ಮನಾಭಸ್ವಾಮಿ ದೇವಸ್ಥಾನದ ಉತ್ಸವದಲ್ಲಿ ನಡೆಯುವ ಬೇಟೆಯ ಆಚರಣೆ ‘ಪಳ್ಳಿವೇಟ್ಟ’. ಪದವನ್ನು ಒಂದು ಧರ್ಮದ ಲೆಕ್ಕಕ್ಕೆ ಬರೆದ ಫಾರ್ವರ್ಡ್ ಇಲ್ಲಿಗೇ ಬಿದ್ದುಹೋಗುತ್ತದೆ.

ಇವೆಲ್ಲಕ್ಕೂ ಸಮಾನವಾದದ್ದು ಏನು? ಇರುವ, ತಂಗುವ ಜಾಗ. ತಮಿಳುನಾಡಿನ ಜಂಬೈ ಎಂಬಲ್ಲಿ ಸುಮಾರು 2,000 ವರ್ಷ ಹಳೆಯ ಗುಹಾಶಾಸನವಿದೆ. ಅದಿಯಮಾನ್ ನೆಡುಮಾನ್ ಅಂಜಿ ಎಂಬ ಅರಸ ಕೊಟ್ಟ ‘ಪಳಿ’ ಎಂದು ಅದರಲ್ಲಿದೆ. ಸನ್ಯಾಸಿಗಳು ತಂಗಲು ಬಂಡೆಯಡಿ ಮಾಡಿಕೊಟ್ಟ ಜಾಗ ಅದು. ಜೈನ, ಬೌದ್ಧ ಮುನಿಗಳು ಇದ್ದ ಕಡೆ ಪೂಜೆಯೂ ನಡೆಯಿತು, ಪಾಠವೂ ನಡೆಯಿತು. ತಮಿಳಿನ ಶಾಲೆಯ ಅರ್ಥ ಹೀಗೆ ಬಂತು ಎಂಬುದು ಸಾಮಾನ್ಯ ವಿವರಣೆ. ಕೇರಳದಲ್ಲಿ ಬೌದ್ಧ, ಜೈನರ ಪೂಜಾಸ್ಥಳದ ಹೆಸರೇ ಮುಂದೆ ಕ್ರೈಸ್ತರ, ಮುಸ್ಲಿಮರ ಪೂಜಾಸ್ಥಳಕ್ಕೂ ನಿಂತಿತು. ಕನ್ನಡ, ತೆಲುಗು ಮಾತ್ರ ಜನವಸತಿ ಎಂಬ ಅರ್ಥವನ್ನೇ ಹಿಡಿದುಕೊಂಡವು. ದೂರದ ಬಂಗಾಳಿಯಲ್ಲೂ ‘ಪಲ್ಲಿ’ ಎಂದರೆ ಹಳ್ಳಿಯೇ. ಕವಿ ಜಸೀಮುದ್ದೀನರನ್ನು ಅಲ್ಲಿಯವರು ‘ಪಲ್ಲಿ ಕವಿ’ ಎನ್ನುತ್ತಾರೆ.

ನಾವೂ ಬೇರೆ ಪದಗಳಲ್ಲಿ ಇದನ್ನೇ ಮಾಡಿದ್ದೇವೆ. ‘ವಸತಿ’ ಎಂದರೆ ವಾಸದ ಜಾಗ, ಅದೇ ಪದ ‘ಬಸದಿ’ಯಾಗಿ ಜೈನರ ದೇವಾಲಯವಾಯಿತು. ವಸತಿ ಶಾಲೆ ಎಂಬ ಬೋರ್ಡ್ ನೋಡಿ ಯಾರೂ ಅದನ್ನು ಬಸದಿ ಎಂದುಕೊಳ್ಳುವುದಿಲ್ಲವಲ್ಲ.

ಯುರೋಪಿನ ಜರ್ಮ್ಯಾನಿಕ್ ಭಾಷೆಗಳಲ್ಲಿ ಇದಕ್ಕಿಂತ ತಮಾಷೆಯ ಉದಾಹರಣೆಯಿದೆ. ಇಂಗ್ಲಿಷಿನಲ್ಲಿ ‘ಗಿಫ್ಟ್’ ಎಂದರೆ ಉಡುಗೊರೆ. ಜರ್ಮನ್‌ನಲ್ಲಿ ಅದೇ ‘ಗಿಫ್ಟ್’ ಎಂದರೆ ವಿಷ! ಸ್ವೀಡಿಷ್‌ನಲ್ಲಿ ವಿಷವೂ ಹೌದು, ಮದುವೆಯಾದವರು ಎಂದೂ ಹೌದು. ಬೇರು ಒಂದೇ, ‘ಕೊಡು’ ಎಂಬುದು. ಕೊಟ್ಟದ್ದು ಉಡುಗೊರೆ, ಕುಡಿಸಿದ್ದು ವಿಷ, ಕೊಟ್ಟ ಹೆಣ್ಣು ಮದುವೆಯಾದವಳು. ಅಷ್ಟಕ್ಕೇ ಇಂಗ್ಲಿಷರು ಹುಟ್ಟುಹಬ್ಬಕ್ಕೆ ವಿಷ ಹಂಚುತ್ತಾರೆ ಎಂದು ಜರ್ಮನರು ಫಾರ್ವರ್ಡ್ ಮಾಡಿದರೆ ಹೇಗಿರುತ್ತದೆ?

ಮತ್ತೆ ನಮ್ಮೂರಿಗೆ ಬರೋಣ. ಕೊಳ್ಳೇಗಾಲ ಸೀಮೆ 1956ರ ನವೆಂಬರ್ 1ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಗೆರೆ ಆಚೀಚೆಯಾದರೂ ಊರಿನ ಹೆಸರುಗಳು ಗೆರೆ ನೋಡಿಕೊಂಡು ಕೂತಿಲ್ಲ. ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಮಾರಂಡಹಳ್ಳಿ ಎಂಬ ಪಟ್ಟಣವಿದೆ. ತಮಿಳಿನಲ್ಲಿ ಅದನ್ನು ‘ಮಾರಂಡಅಳ್ಳಿ’ ಎಂದು ಬರೆಯುತ್ತಾರೆ. ಪಳ್ಳಿ ಕನ್ನಡದ ಬಾಯಲ್ಲಿ ಹಳ್ಳಿಯಾಗಿ, ತಮಿಳಿನ ಬರಹದಲ್ಲಿ ಅಳ್ಳಿಯಾಯಿತು. ತಿರುಗಿ ಪಳ್ಳಿ ಮಾಡಬೇಕೆಂದು ಅಲ್ಲಿ ಯಾರೂ ಹಟ ಹಿಡಿಯಲಿಲ್ಲ.

‘ಹ’ ಬಿಡಲು ತಮಿಳೇ ಬೇಕಾಗಿಯೂ ಇಲ್ಲ. ನಮ್ಮ ಹನೂರಿನ ಕಡೆ ಹಾಲು ‘ಆಲು’, ಹುಲಿ ‘ಉಲಿ’. ಪಾಲು, ಹಾಲು, ಆಲು: ಸಾವಿರ ವರ್ಷದ ಹಿಂದೆ ಹೊರಟ ಬದಲಾವಣೆ ಇನ್ನೂ ನಡೆಯುತ್ತಲೇ ಇದೆ. ಇದನ್ನೆಲ್ಲ ವಾಯ್ಸ್ ಮೆಸೇಜ್ ಮಾಡಿ ಮಾವನಿಗೆ ಕಳಿಸಿದೆ. ಅವರು ಅದನ್ನು ಅತ್ತೆಗೆ ಕೇಳಿಸಿದರಂತೆ. ಸಂಜೆ ಅತ್ತೆಯೇ ಫೋನ್ ಮಾಡಿದರು: ‘ನಾವಿಬ್ರೂ ಲೊಕ್ಕನಳ್ಳಿ ಅಂತಾನೇ ಅನ್ನೋದು ಕಣವ್ವ. ಪಾನೂ ಇಲ್ಲ, ಹಾನೂ ಇಲ್ಲ.’