ಬಿಳಿಯ ಧೂಳಿನ ದಾರಿಗಳು

ರಸ್ತೆಗೆ ಡಾಂಬರು ಹಾಕಿಸಿಕೊಡಿರೆಂದು ಅರ್ಜಿ ಬರೆಯುವವರನ್ನು ನಾವೆಲ್ಲರೂ ಕಂಡಿದ್ದೇವೆ. ಡಾಂಬರು ಹಾಕಲೇಬೇಡಿರೆಂದು ಹಠ ಹಿಡಿದವರನ್ನು ಕಂಡವರು ವಿರಳ. ಅಂತಹ ಹಠವೊಂದು ಇಟಲಿಯ ಟಸ್ಕನಿ ಪ್ರಾಂತದಲ್ಲಿ ಗೆದ್ದ ಕಥೆಯನ್ನು ಮೊನ್ನೆ ನನ್ನ ಸೋದರಳಿಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಬಣ್ಣಿಸುತ್ತಿದ್ದ. ಹಳ್ಳಿಯಿಂದ ಬಂದಿದ್ದ ನಮ್ಮ ಅಣ್ಣನವರು ಕಾಫಿಯ ಲೋಟವನ್ನು ಕೆಳಗಿಟ್ಟು, “ಅಲ್ಲಯ್ಯ, ಆ ಜನಕ್ಕೇನು ಬುದ್ಧಿ ಕೆಟ್ಟಿದೆಯೇ?” ಎಂದು ಕೇಳಿದರು. ಅವರ ಪ್ರಶ್ನೆ ಸಹಜವಾದುದೇ. ನಮ್ಮೂರಿನ ಎರಡು ಮೈಲಿ ದಾರಿಗೆ ಡಾಂಬರು ಬೀಳುವವರೆಗೆ ಹದಿನೇಳು ವರ್ಷ ಕಚೇರಿಯಿಂದ ಕಚೇರಿಗೆ ಅಲೆದವರು ಅವರು.

ಅಳಿಯನಿಗೆ ಬೈಸಿಕಲ್ಲಿನ ಹುಚ್ಚು ಹತ್ತಿ ಕೆಲವು ವರ್ಷಗಳಾದುವು. ಈ ಸಲ ದ್ರಾಕ್ಷಿಯ ಕೊಯ್ಲಿನ ಕಾಲಕ್ಕೆ ಟಸ್ಕನಿಗೆ ಹೋಗಿ, ಬಾಡಿಗೆಯ ಬೈಸಿಕಲ್ಲೊಂದನ್ನು ಹಿಡಿದು, ಕಿಯಾಂತಿ ಬೆಟ್ಟಗಳ ಗರಸು ದಾರಿಗಳಲ್ಲಿ ನಾಲ್ಕು ದಿನ ತಿರುಗಿ ಬಂದಿದ್ದಾನೆ. ಮಂಡಿಯ ಮೇಲೆ ಅಂಗೈಯಗಲದ ಗಾಯದ ಕಲೆಯೊಂದನ್ನೂ ತಂದಿದ್ದಾನೆ. ಅದರ ವೃತ್ತಾಂತ ಮುಂದೆ ಬರುತ್ತದೆ.

ಕಿಯಾಂತಿ ಎಂಬುದು ಫ್ಲಾರೆನ್ಸ್ ಮತ್ತು ಸಿಯೆನಾ ನಗರಗಳ ನಡುವಣ ಗುಡ್ಡನಾಡು. ಒಂದು ದಿಬ್ಬವನ್ನು ಹತ್ತಿ ಇಳಿಯುವಷ್ಟರಲ್ಲಿ ಇನ್ನೊಂದು ಎದುರಿಗೆ ನಿಂತಿರುತ್ತದೆ. ಸಮತಟ್ಟಾದ ನೆಲವನ್ನು ಹುಡುಕಿಯೇ ಕಾಣಬೇಕು. ಬಹುಭಾಗ ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕಾಡು. ನಡುನಡುವೆ ಬೂದುಹಸುರಿನ ಆಲಿವ್ ತೋಪುಗಳು. 250 ರಿಂದ 600 ಮೀಟರ್ ಎತ್ತರದ ಇಳಿಜಾರುಗಳಲ್ಲಿ ಸಾಂಜೊವೇಸೆ ಎಂಬ ಕಪ್ಪುದ್ರಾಕ್ಷಿಯ ಬಳ್ಳಿಗಳು ಸಾಲುಗಟ್ಟಿ ನಿಂತಿವೆ. ಇಲ್ಲಿಯ ವೈನ್ ಬಹು ಕಾಲದಿಂದ ಹೆಸರುವಾಸಿ. ಟಸ್ಕನಿಯನ್ನಾಳುತ್ತಿದ್ದ ಮೂರನೆಯ ಕೊಸಿಮೊ ದೊರೆ 1716 ರಲ್ಲಿಯೇ ಆಜ್ಞೆ ಹೊರಡಿಸಿ, ಯಾವ ಎಲ್ಲೆಯೊಳಗೆ ಬೆಳೆದುದಕ್ಕೆ ಕಿಯಾಂತಿಯೆಂಬ ಹೆಸರು ಸಲ್ಲಬೇಕೆಂಬುದನ್ನು ಗೊತ್ತುಮಾಡಿದ.

ನೆಲದಲ್ಲಿರುವುದು ಹೆಚ್ಚಾಗಿ ಕಲ್ಲೇ. ಪದರಪದರವಾಗಿ ಪುಡಿಯಾಗುವ ಗಲೆಸ್ತ್ರೊ ಒಂದು ಬಗೆ. ಸುಣ್ಣದಂಶದ ಗಟ್ಟಿ ಅಲ್ಬರೇಸೆ ಇನ್ನೊಂದು ಬಗೆ. ಮಳೆಯ ನೀರು ಇಂತಹ ನೆಲದಲ್ಲಿ ನಿಲ್ಲದೆ ಬಸಿದುಹೋಗುವುದರಿಂದ ಬಳ್ಳಿಯು ಬೇರನ್ನು ಆಳಕ್ಕೆ ಇಳಿಸಬೇಕಾಗುತ್ತದೆ. ಹಣ್ಣಿನ ರಸ ಗಟ್ಟಿಯಾಗುವುದು ಈ ಕಷ್ಟದಿಂದಲೇ ಎನ್ನುತ್ತಾರೆ ಬೆಳೆಗಾರರು. ಅದೇ ಕಲ್ಲನ್ನು ಒಡೆದು ಹಾಸಿದ ದಾರಿಗಳು ಬಿಸಿಲಿಗೆ ಬೆಳ್ಳಗೆ ಬೆಳಗುತ್ತವೆ. ಊರವರು ಅವನ್ನು ‘ಸ್ತ್ರಾದೆ ಬ್ಯಾಂಕೆ’, ಎಂದರೆ ಬಿಳಿಯ ದಾರಿಗಳು ಎಂದು ಕರೆಯುತ್ತಾರೆ.

ದಾರಿಗೂ ಈ ನಾಡಿಗೂ ಇರುವ ನಂಟು ಹಳೆಯದು. ಫ್ಲಾರೆನ್ಸಿಗೂ ಸಿಯೆನಾಕ್ಕೂ ಗಡಿಯ ಜಗಳ ತೀರಲೊಲ್ಲದು. ಕೊನೆಗೆ, ಕೋಳಿ ಕೂಗಿದೊಡನೆ ಎರಡು ಊರುಗಳಿಂದಲೂ ಒಬ್ಬೊಬ್ಬ ಸವಾರ ಹೊರಡಬೇಕು, ಇಬ್ಬರೂ ಕೂಡಿದ ಸ್ಥಳವೇ ಗಡಿಯಾಗಬೇಕು ಎಂದು ಒಪ್ಪಂದವಾಯಿತಂತೆ. ಸಿಯೆನಾದವರು ಬಿಳಿಯ ಹುಂಜವೊಂದನ್ನು ಆರಿಸಿ ಚೆನ್ನಾಗಿ ತಿನ್ನಿಸಿ ಮಲಗಿಸಿದರು. ಫ್ಲಾರೆನ್ಸಿನವರು ಕರಿಯ ಹುಂಜವೊಂದನ್ನು ಹಸಿವಿನಲ್ಲಿ ಕೂಡಿಹಾಕಿದರು. ಹಸಿದ ಹುಂಜ ಬೆಳಗಾಗುವ ಮೊದಲೇ ಕೂಗಿತು. ಫ್ಲಾರೆನ್ಸಿನ ಸವಾರ ಸಿಯೆನಾಕ್ಕೆ ತೀರ ಸಮೀಪದವರೆಗೆ ನುಗ್ಗಿಬಂದ. ಕಥೆ ಕಟ್ಟುಕಥೆಯೇ ಇರಬಹುದು. ಆದರೆ ಕಿಯಾಂತಿ ಕ್ಲಾಸಿಕೊ ಎಂಬ ವೈನಿನ ಸೀಸೆಗಳ ಮೇಲೆ ಆ ಕರಿಯ ಹುಂಜ ಇಂದಿಗೂ ಎದೆಯುಬ್ಬಿಸಿ ನಿಂತಿದೆ.

“ಹುಂಜದ ಕಥೆ ಇರಲಿ. ಬೇರೆ ಕಡೆಗಳಲ್ಲೆಲ್ಲ ಡಾಂಬರು ಬಂದಾಗ ಈ ದಾರಿಗಳಿಗೆ ಏಕೆ ಬರಲಿಲ್ಲ?” ಎಂದು ಅಣ್ಣನವರು ಮತ್ತೆ ಮೂಲಕ್ಕೆ ಬಂದರು.

ಅದಕ್ಕೆ ಉತ್ತರ ಅಷ್ಟೊಂದು ಸುಖದ್ದಲ್ಲ. ಟಸ್ಕನಿಯ ರೈತರಲ್ಲಿ ಬಹುಮಂದಿ ಶತಮಾನಗಳ ಕಾಲ ಅರೆಪಾಲಿನ ಬೇಸಾಯಗಾರರು. ನಮ್ಮಲ್ಲಿ ವಾರಕ್ಕೆ ಮಾಡುವುದೆನ್ನುತ್ತೇವಲ್ಲ, ಅಂತಹುದು. ಬೆಳೆದುದರಲ್ಲಿ ಅರ್ಧ ಒಡೆಯನಿಗೆ, ಅರ್ಧ ದುಡಿದವನಿಗೆ. ದಿಬ್ಬದ ಮೇಲಣ ಒಂಟಿ ಮನೆಯಿಂದ ಒಡೆಯನ ಬಂಗಲೆಗೂ ಇಗರ್ಜಿಗೂ ಗಿರಣಿಗೂ ಎತ್ತಿನ ಬಂಡಿಗಳು ತುಳಿದ ಜಾಡುಗಳೇ ಈ ಬಿಳಿಯ ದಾರಿಗಳು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಕಾರ್ಖಾನೆಗಳು ಕೈಬೀಸಿ ಕರೆದುವು. 1950 ಮತ್ತು 60 ರ ದಶಕಗಳಲ್ಲಿ ಸಂಸಾರಕ್ಕೆ ಸಂಸಾರವೇ ಮನೆಗೆ ಬೀಗ ಹಾಕಿ ಪಟ್ಟಣ ಸೇರಿತು. 1964 ರಲ್ಲಿ ಇಟಲಿಯ ಸರಕಾರವು ಹೊಸ ಅರೆಪಾಲಿನ ಕರಾರುಗಳನ್ನು ಕಾನೂನಿನಿಂದ ನಿಷೇಧಿಸುವ ವೇಳೆಗೆ ಅನೇಕ ಮನೆಗಳು ಪಾಳುಬಿದ್ದಿದ್ದುವು. ಡಾಂಬರು ಕೇಳುವುದಕ್ಕೆ ಊರಿನಲ್ಲಿ ಜನ ಉಳಿದಿದ್ದರಲ್ಲವೇ? ದಾರಿ ಬಿಳಿಯಾಗಿ ಉಳಿದುದಕ್ಕೆ ಇದೂ ಒಂದು ಕಾರಣ.

ಅನಂತರದ ದಿನಗಳಲ್ಲಿ ಪಾಳುಮನೆಗಳನ್ನು ಪಟ್ಟಣಿಗರೂ ಪರದೇಶಿಗಳೂ ಕೊಂಡು ನೇರ್ಪುಗೊಳಿಸಿದರು. ದ್ರಾಕ್ಷಿತೋಟಗಳು ಮತ್ತೆ ಚಿಗುರಿದುವು. ಅವುಗಳ ಹಿಂದೆಯೇ ಡಾಂಬರೂ ಬರತೊಡಗಿತು. ಆಗ ಗಯೋಲೆ ಎಂಬ ಸಣ್ಣ ಊರಿನಲ್ಲಿ ಜಾನ್‌ಕಾರ್ಲೊ ಬ್ರೊಚ್ಚಿ ಎಂಬಾತ ಉಪಾಯವೊಂದನ್ನು ಹೂಡಿದ. ಸಭೆ ಮಾಡಿ ಭಾಷಣ ಬಿಗಿಯುವುದರ ಬದಲು, 1997 ರಲ್ಲಿ ಹಳೆಯ ಬೈಸಿಕಲ್ಲುಗಳ ಸವಾರಿಯೊಂದನ್ನು ಏರ್ಪಡಿಸಿದ. ‘ಲೆರೋಯಿಕ’ ಎಂದು ಅದರ ಹೆಸರು; ವೀರರದು ಎಂಬ ಅರ್ಥ. ಮೊದಲ ವರ್ಷ ಸೇರಿದವರು 92 ಮಂದಿ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಜನ ದೇಶದೇಶಗಳಿಂದ ಬಂದು ಕೂಡುತ್ತಾರೆ.

ಅದರ ನಿಯಮಗಳನ್ನು ಕೇಳಿದರೆ ನಗು ಬರುತ್ತದೆ. ಬೈಸಿಕಲ್ಲು 1987 ಕ್ಕಿಂತ ಈಚಿನದಾಗಿರಕೂಡದು. ಗೇರಿನ ಸನ್ನೆಗಳು ಹ್ಯಾಂಡಲ್ಲಿನಲ್ಲಿರದೆ ಹಿಂದಿನಂತೆ ಚೌಕಟ್ಟಿನ ಕೊಳವೆಯ ಮೇಲಿರಬೇಕು. ಉಡುಪೂ ಹಳೆಯ ಕಾಲದ್ದೇ, ಬಹುಮಟ್ಟಿಗೆ ಉಣ್ಣೆಯದು. ಅತಿ ದೀರ್ಘವಾದ ಮಾರ್ಗ 209 ಕಿಲೋಮೀಟರ್. ಅದನ್ನು ಹಿಡಿದವರು ಕತ್ತಲಿರುವಾಗಲೇ ಹೊರಟು, ಸೈಪ್ರೆಸ್ ಮರಗಳ ನಡುವೆ ದೀಪಗಳನ್ನಿಟ್ಟ ಏರುದಾರಿಯಲ್ಲಿ ಬ್ರೋಲಿಯೊ ಕೋಟೆಯತ್ತ ಸಾಗುತ್ತಾರೆ. ಇಟಲಿಯ ಎರಡನೆಯ ಪ್ರಧಾನಿಯಾಗಿದ್ದ ಬೆತ್ತೀನೊ ರಿಕಾಸೊಲಿ, ಕಿಯಾಂತಿ ವೈನಿಗೆ ಯಾವ ದ್ರಾಕ್ಷಿ ಯಾವ ಗುಣವನ್ನು ಕೊಡುತ್ತದೆಂಬುದನ್ನು ವರ್ಷಗಟ್ಟಲೆ ಪರೀಕ್ಷಿಸಿ 1872 ರಲ್ಲಿ ಪತ್ರವೊಂದರಲ್ಲಿ ವಿವರಿಸಿದನಲ್ಲ, ಆ ಮನೆತನದ ಕೋಟೆಯೇ ಇದು. ಸವಾರಿಯ ನಡುವಣ ತಂಗುದಾಣಗಳಲ್ಲಿ ಬ್ರೆಡ್ಡು, ತರಕಾರಿಯ ಗಟ್ಟಿ ಸಾರು, ಬೇಕಾದವರಿಗೆ ವೈನ್ ಕೂಡ ದೊರೆಯುತ್ತದೆ. ಉಳಿದ ಕಾಲದಲ್ಲಿ ಹೋಗುವವರಿಗೆ ದಾರಿಯುದ್ದಕ್ಕೂ ಕೈಮರಗಳಿವೆ. ನಮ್ಮ ಹುಡುಗ ಹಿಡಿದುದು ಆ ಕೈಮರಗಳನ್ನೇ.

ಈ ವಿನೋದದಿಂದ ಹುಟ್ಟಿದ ಗಂಭೀರ ಪಂದ್ಯವೊಂದಿದೆ. 2007 ರಲ್ಲಿ ಆರಂಭವಾಗಿ, ಈಗ ಸ್ತ್ರಾದೆ ಬ್ಯಾಂಕೆ ಎಂಬ ಹೆಸರಿನಲ್ಲಿಯೇ ಮಾರ್ಚ್ ತಿಂಗಳಲ್ಲಿ ನಡೆಯುವ ವೃತ್ತಿಪರರ ಸ್ಪರ್ಧೆ ಅದು. 2015 ರಿಂದ ಮಹಿಳೆಯರಿಗೂ ಉಂಟು. ಸಿಯೆನಾದ ದಕ್ಷಿಣದ ಜೇಡಿನೆಲದ ಬೋಳುಗುಡ್ಡಗಳನ್ನು ದಾಟಿ, ಊರೊಳಗಿನ ಕಲ್ಲುಹಾಸಿನ ಕಡಿದಾದ ಓಣಿಯನ್ನು ಹತ್ತಿ, ನಗರದ ನಡುವಣ ಚಿಪ್ಪಿನಾಕಾರದ ಚೌಕದಲ್ಲಿ ಮುಗಿಯುತ್ತದೆ. ಸ್ಲೊವೇನಿಯದ ತಾದೆಯ್ ಪೊಗಾಚಾರ್ 2024 ರಲ್ಲಿ ಕೊನೆಯ 81 ಕಿಲೋಮೀಟರ್‌ಗಳನ್ನು ಒಬ್ಬಂಟಿಯಾಗಿ ತುಳಿದು ಗೆದ್ದ. 2025 ರಲ್ಲಿ ತಿರುವೊಂದರಲ್ಲಿ ಜಾರಿ ಬಿದ್ದು, ಹರಿದ ಅಂಗಿಯಲ್ಲಿಯೇ ಎದ್ದು ಬಂದು ಮತ್ತೆ ಗೆದ್ದ. “ಆತ ಬಿದ್ದದ್ದು ಡಾಂಬರಿನ ಮೇಲೆ, ದೊಡ್ಡಮಾವ!” ಎಂದು ಅಳಿಯ ಕಣ್ಣು ಮಿಟುಕಿಸಿದ.

“ನೀನು ಬಿದ್ದದ್ದು?” ಎಂದರು ಅಣ್ಣನವರು.

ಅವನು ಬಿದ್ದದ್ದು ಗರಸಿನ ಮೇಲೆಯೇ. ಅವನ ಅನುಭವದ ಸಾರವನ್ನು, ಹೋಗಬಯಸುವ ತರುಣ ವಾಚಕರಿಗಾಗಿ ಇಲ್ಲಿ ಹೇಳುತ್ತೇನೆ. ಟೈರು ಅಗಲವಾಗಿರಬೇಕು, ನಾಲ್ವತ್ತು ಮಿಲಿಮೀಟರಿನ ಆಸುಪಾಸು. ಗಾಳಿಯನ್ನು ಕಲ್ಲಿನಂತೆ ತುಂಬಿಸಬಾರದು, ಸ್ವಲ್ಪ ಮೆತ್ತಗಿದ್ದರೆ ಹರಳುಗಳನ್ನು ಹಿಡಿದುಕೊಂಡು ಸಾಗುತ್ತದೆ. ಏರಿನಲ್ಲಿ ಎದ್ದುನಿಂತು ತುಳಿದರೆ ಹಿಂದಿನ ಗಾಲಿಯ ಮೇಲಣ ಭಾರ ಕಡಿಮೆಯಾಗಿ ಅದು ನಿಂತಲ್ಲಿಯೇ ಸುತ್ತುತ್ತದೆ. ಆದಕಾರಣ ಕುಳಿತೇ ಹತ್ತಬೇಕು. ಇಳಿಜಾರಿನಲ್ಲಿ ಬ್ರೇಕು ಹಿಡಿಯುವುದು ತಿರುವಿಗೆ ಮೊದಲೇ. ತಿರುವಿನಲ್ಲಿ ಮುಂದಿನ ಬ್ರೇಕನ್ನು ಬಿಗಿಹಿಡಿದವನಿಗೆ ಭೂಸ್ಪರ್ಶ ನಿಶ್ಚಯ. ಇವನು ಮೂರನೆಯ ದಿನ ಸಂಜೆ ದ್ರಾಕ್ಷಿ ಕೊಯ್ಯುತ್ತಿದ್ದವರನ್ನು ನೋಡುತ್ತ ಬಂದು, ಆ ತಪ್ಪನ್ನೇ ಮಾಡಿ, ಅವರ ಬುಟ್ಟಿಗಳ ಮುಂದೆಯೇ ಹೋಗಿ ಬಿದ್ದನಂತೆ. ಅವರು ಗಾಯವನ್ನು ತೊಳೆದು, ಒಂದು ಗೊಂಚಲು ಹಣ್ಣನ್ನು ಕೈಗಿತ್ತು ಕಳುಹಿಸಿದರಂತೆ.

ಅಣ್ಣನವರು ನಗಲಿಲ್ಲ. “ನಿನಗೆ ಗಾಯ ತೊಳೆದವರು ನಿತ್ಯವೂ ಆ ಧೂಳನ್ನು ಕುಡಿಯುತ್ತಾರಲ್ಲ,” ಎಂದರು. “ನಮ್ಮ ದಾರಿ ಮಣ್ಣಾಗಿದ್ದಾಗ ನಿಮ್ಮ ಅತ್ತೆಯನ್ನು ಹೆರಿಗೆಗೆಂದು ಮಳೆಯಲ್ಲಿ ಬಂಡಿಯ ಮೇಲೆ ಕರೆದೊಯ್ದೆವು. ಎರಡು ಮೈಲಿಗೆ ಎರಡು ಗಂಟೆ ಹಿಡಿಯಿತು. ದಾರಿ ಚೆಂದವೋ ಅಲ್ಲವೋ ಎಂದು ಹೇಳುವ ಹಕ್ಕು ಹಾದುಹೋಗುವವನದಲ್ಲಪ್ಪ, ಅಲ್ಲಿಯೇ ಇರುವವನದು.”

ಅಳಿಯ ಒಡನೆಯೇ ವಾದಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅಲ್ಲಿಯ ಹೆದ್ದಾರಿಗಳಿಗೂ ಊರಿಂದೂರಿನ ದಾರಿಗಳಿಗೂ ಡಾಂಬರು ಬಂದಿದೆಯೆಂದೂ, ಬಿಳಿಯಾಗಿ ಉಳಿದಿರುವವು ಹೆಚ್ಚಾಗಿ ತೋಟಗಳ ನಡುವಣ ಒಳದಾರಿಗಳೆಂದೂ, ಅವನ್ನು ನೋಡಬಂದವರಿಂದ ಗಯೋಲೆಯಂತಹ ಊರುಗಳ ಅಂಗಡಿಗಳಿಗೂ ಛತ್ರಗಳಿಗೂ ಜೀವ ಬಂದಿದೆಯೆಂದೂ ಹೇಳಿದ. ಅವನ ಮಾತಿನಲ್ಲಿ ಸತ್ಯವಿದೆ. ಅಣ್ಣನವರ ಮಾತಿನಲ್ಲಿಯೂ ಇದೆ. ಬಡವನಿಗೆ ಬೇರೆ ಗತಿಯಿಲ್ಲದಿದ್ದಾಗ ಧೂಳಿನ ದಾರಿಯು ಅವನ ಮೇಲೆ ಬಿದ್ದ ಹೊರೆ. ಡಾಂಬರಿನ ದಾರಿಯೊಂದು ಆಗಲೇ ಮನೆಯ ಬಾಗಿಲಿಗೆ ಬಂದಿರುವಾಗ, ಅದರ ಪಕ್ಕದ ಧೂಳಿನ ದಾರಿ ಆಸ್ತಿಯಾಗಲೂಬಹುದು. ಈ ಎರಡರ ನಡುವಣ ಅಂತರವನ್ನು ಮರೆತು, ಹಳೆಯದೆಲ್ಲ ಉಳಿಯಲಿ ಎನ್ನುವುದೂ ತಪ್ಪು. ಹಳೆಯದೆಲ್ಲ ಅಳಿಯಲಿ ಎನ್ನುವುದೂ ತಪ್ಪು. ಕಿಯಾಂತಿಯ ಬಂಡಿಜಾಡುಗಳನ್ನು ತುಳಿದು ಮಾಡಿದವರು ಊರು ಬಿಟ್ಟುಹೋದರು; ಅವರಿಗೆ ಮೊದಲೇ ಅರೆಪಾಲಿನ ಬದಲು ಪೂರ್ಣಪಾಲು ದಕ್ಕಿದ್ದರೆ ಈ ಮಾತನ್ನು ಅವರ ಬಾಯಿಂದಲೇ ಕೇಳಬಹುದಾಗಿತ್ತು.

ಮರುದಿನ ಬೆಳಗ್ಗೆ ಬಸ್ಸು ಹತ್ತುವ ಮುನ್ನ ಅಣ್ಣನವರು ಅಳಿಯನನ್ನು ಕರೆದು, “ಸಂಕ್ರಾಂತಿಗೆ ಬಾ, ಬೈಸಿಕಲ್ಲನ್ನೂ ತಾ,” ಎಂದರು. “ಕೆರೆಯ ಏರಿಯ ಹಿಂದಿನಿಂದ ಮಾವಿನ ತೋಪಿಗೆ ಬಂಡಿಜಾಡೊಂದಿದೆ. ಅದಕ್ಕೂ ಡಾಂಬರು ಬೇಕೆಂದು ಅರ್ಜಿ ಬರೆದಿಟ್ಟಿದ್ದೇನೆ.”

“ಕಳುಹಿಸಿದಿರಾ, ದೊಡ್ಡಮಾವ?”

“ಇನ್ನೂ ಇಲ್ಲ,” ಎಂದರು ಅಣ್ಣನವರು. “ನೀನು ಒಂದು ಸಲ ತುಳಿದು ನೋಡು. ಆಮೇಲೆ ತೋಪಿನ ಕಾವಲಿನವನನ್ನೂ ಕೇಳೋಣ. ದಿನವೂ ಅಲ್ಲಿ ನಡೆಯುವವನು ಅವನೇ.”